ಮೊದಲ ಕೊಡತಿಗೆ ಯಾವ ಮರ? ಹಳೇ ಕಂಬ, ಒನಕೆ, ದೋಣಿ ಹಲಗೆ: ಒಂದು ಹೋಲಿಕೆ

ಉಳಿಯ ಹಿಡಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸ್ವಲ್ಪ ದಿನದಲ್ಲೇ ಹಿಡಿಯ ತಲೆ ಒಡೆದು ನಾರು ನಾರಾಗುತ್ತದೆ. ಪೆಟ್ಟೂ ಹದಕ್ಕೆ ಬರುವುದಿಲ್ಲ. ಮರಗೆಲಸ ಕಲಿಯಲು ಹೊರಟವರು ಮೊದಲು ಮಾಡಿಕೊಳ್ಳಬೇಕಾದ ಸಾಮಾನು ಕೊಡತಿ, ಅಂದರೆ ಮರದ ಸುತ್ತಿಗೆ. ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಕೆಲಸವನ್ನೂ ಕಲಿಯಬೇಕು ಅಂತಿದ್ದರೆ ದುಂಡು ಕೊಡತಿಗಿಂತ ಒಳ್ಳೆಯ ಮೊದಲ ಕೆಲಸ ಇನ್ನೊಂದಿಲ್ಲ. ಚೌಕದ ತುಂಡನ್ನು ದುಂಡು ಮಾಡುವುದು, ಓರೆ ತೆಗೆಯುವುದು, ಕೊರಳು ಇಳಿಸುವುದು, ಹಿಡಿಗೆ ಸಣ್ಣ ಹೊಟ್ಟೆ ಬಿಡುವುದು, ಎಲ್ಲ ಇದರಲ್ಲೇ ಬರುತ್ತದೆ. ಅಳತೆ ಎರಡು ಮಿ.ಮೀ. ತಪ್ಪಿದರೂ ಕೊಡತಿ ಕೊಡತಿಯೇ.

ಉತ್ತರ ಕನ್ನಡದಲ್ಲಿ ಇದಕ್ಕಾಗಿ ಹೊಸ ಮರ ಕೊಳ್ಳಬೇಕಾಗಿಲ್ಲ. ಹೆಂಚಿನ ಮನೆ ಕೆಡವಿ ಸ್ಲ್ಯಾಬ್ ಮನೆ ಕಟ್ಟುವುದು ಊರೂರಲ್ಲೂ ನಡೆದೇ ಇದೆ. ಹೆದ್ದಾರಿ 66 ಅಗಲವಾಗುವಾಗ ಕಾರವಾರದಿಂದ ಭಟ್ಕಳದವರೆಗೆ ರಸ್ತೆ ಪಕ್ಕದ ಎಷ್ಟೋ ಮನೆಗಳ ತೊಲೆ, ಪಕಾಸು (ಹೆಂಚು ಹೊರುವ ಓರೆ ಮರ), ದಾರಂದ (ಬಾಗಿಲ ಚೌಕಟ್ಟು) ಹೊರಗೆ ಬಂದವು. ಫೈಬರ್ ದೋಣಿ ಬಂದ ಮೇಲೆ ಮರದ ದೋಣಿಗಳು ದಂಡೆಯಲ್ಲಿ ಮಲಗಿವೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಹೋದರೆ ಅಟ್ಟದ ಮೇಲೆ ಒನಕೆ, ನೊಗ, ಗಾಡಿಯ ಗುಂಬ (ಚಕ್ರದ ನಡುವಿನ ದಪ್ಪ ಮರ) ಬಿದ್ದಿರುತ್ತವೆ. ಸಿಗುವುದು ಕಷ್ಟ ಅಲ್ಲ, ಆರಿಸುವುದು ಕಷ್ಟ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮರದ ಹೆಸರು ನೋಡಿ ಆರಿಸಬೇಡಿ. ತೂಕ ಎಷ್ಟಿದೆ, ಎಳೆ (ಮರದ ನಾರು ಓಡುವ ರೀತಿ) ಹೇಗಿದೆ, ಪೂರ್ತಿ ಒಣಗಿದೆಯೇ, ಈ ಮೂರು ನೋಡಿ. ಸಾಗವಾನಿ ಸಿಕ್ಕಿತು ಅಂತ ಖುಷಿಯಲ್ಲಿ ಅದನ್ನೇ ಲೇತಿಗೆ ಕಟ್ಟುವವರು ಜಾಸ್ತಿ. ಕೊಡತಿಗೆ ಅದಕ್ಕಿಂತ ಒಳ್ಳೆಯದು, ಹೆಸರಿಲ್ಲದ್ದು, ಪಕ್ಕದಲ್ಲೇ ಬಿದ್ದಿರುತ್ತದೆ.

ಎಷ್ಟು ದೊಡ್ಡದು, ಎಷ್ಟು ಭಾರ

ಹೊಸಬರಿಗೆ 400ರಿಂದ 550 ಗ್ರಾಂ ಒಳಗಿನ ಕೊಡತಿ ಸರಿ. ಜೋಡಣೆಯ ಗೂಡು ಕೊರೆಯುವುದಕ್ಕೆ ಸ್ವಲ್ಪ ಭಾರ ಬೇಕು. ನಯವಾದ ಕೆತ್ತನೆಗೆ ಹಗುರ ಇದ್ದರೆ ಒಳ್ಳೆಯದು. ಗಂಧದ ಕೆತ್ತನೆಗೆ ಹೆಸರಾದ ನಮ್ಮ ಗುಡಿಗಾರರ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅಲ್ಲಿ ಬಲಕ್ಕಿಂತ ಸಣ್ಣ ಸಣ್ಣ ತಟ್ಟುಗಳದ್ದೇ ಕೆಲಸ.

ಅಳತೆ ಹೀಗಿಟ್ಟುಕೊಳ್ಳಿ. ತಲೆ 75 ಮಿ.ಮೀ. ದಪ್ಪ, 110 ಮಿ.ಮೀ. ಉದ್ದ. ಹಿಡಿ 150 ಮಿ.ಮೀ. ಉದ್ದ, ಸರಾಸರಿ 30 ಮಿ.ಮೀ. ದಪ್ಪ. ಒಟ್ಟು 260. ಇದಕ್ಕೆ ಬೇಕಾಗುವ ತುಂಡು 85 ಮಿ.ಮೀ. ಚೌಕ, 300 ಮಿ.ಮೀ. ಉದ್ದ. ಅಂದರೆ ಮೂರೂವರೆ ಇಂಚಿಗೆ ಸ್ವಲ್ಪ ಕಡಿಮೆ ದಪ್ಪ, ಒಂದು ಅಡಿ ಉದ್ದ.

ತಲೆಗೆ ಓರೆ ತೆಗೆಯುವ ಮೊದಲಿನ ಲೆಕ್ಕದಲ್ಲಿ, ಈ ಅಳತೆಯ ಕೊಡತಿಯನ್ನು ಸಾಗವಾನಿಯಲ್ಲಿ ಕಡೆದರೆ ಹತ್ತಿರ ಹತ್ತಿರ 385 ಗ್ರಾಂ ಬರುತ್ತದೆ. ಮತ್ತಿಯಲ್ಲಿ 500 ಗ್ರಾಂ. ಹುಣಸೆ, ಜಂಬೆಯಲ್ಲಿ ಅದಕ್ಕೂ ಮೇಲೆ. ಹಲಸಿನಲ್ಲಿ 350. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಆದರೆ 300 ಕೂಡ ದಾಟುವುದಿಲ್ಲ. ಹಗುರ ಮರದಲ್ಲಿ ಭಾರ ತರಬೇಕೆಂದರೆ ತಲೆಯನ್ನು ದಪ್ಪ ಮಾಡಬೇಕು. ಆಗ ಕೊಡತಿ ಉಳಿಯ ತುದಿಯನ್ನೇ ಮರೆ ಮಾಡುತ್ತದೆ, ಕೈಯೂ ಬೇಗ ಸೋಲುತ್ತದೆ.

ಯಾವ ಮರ ಅಂತ ಗೊತ್ತಾಗದಿದ್ದರೂ ಅದರ ಭಾರ ಅಳೆಯಬಹುದು. ಅದರಿಂದ ಒಂದೇ ದಪ್ಪದ ಸಣ್ಣ ಕಡ್ಡಿ ಸೀಳಿ. ಉದ್ದವನ್ನು ಹತ್ತು ಸಮ ಭಾಗ ಮಾಡಿ ಗೆರೆ ಎಳೆಯಿರಿ. ಉದ್ದ ಕತ್ತಿನ ಬಾಟಲಿಗೆ ನೀರು ತುಂಬಿ ಕಡ್ಡಿಯನ್ನು ನೆಟ್ಟಗೆ ಇಳಿಬಿಡಿ. ಆರೂವರೆ ಭಾಗ ಮುಳುಗಿದರೆ ಅದು ಸಾಗವಾನಿಯಷ್ಟು ಭಾರ. ಎಂಟೂವರೆ ಮುಳುಗಿದರೆ ಮತ್ತಿಯಷ್ಟು. ಕಡ್ಡಿ ನೀರು ಕುಡಿಯುವ ಮೊದಲೇ ನೋಡಿಬಿಡಬೇಕು. ನನ್ನ ಲೆಕ್ಕದಲ್ಲಿ ಎಂಟರ ಮೇಲೆ ಮುಳುಗುವ ಮರವೇ ಕೊಡತಿಗೆ ತಕ್ಕದ್ದು.

ಹಳೇ ಮನೆಯ ಮರ

ಇದರ ದೊಡ್ಡ ಗುಣ ಒಣಗಿರುವುದು. ಹೆಂಚಿನ ಕೆಳಗೆ, ಅಡಿಗೆ ಒಲೆಯ ಹೊಗೆ ಕುಡಿದು ದಶಕಗಟ್ಟಲೆ ನಿಂತ ಮರ ಸೊಟ್ಟಗಾಗುವುದಿದ್ದರೆ ಆಗಲೇ ಆಗಿರುತ್ತದೆ, ಬಿರಿಯುವುದಿದ್ದರೆ ಆಗಲೇ ಬಿರಿದಿರುತ್ತದೆ. ಏನಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಸಹಾಯ ಏನಿದೆ?

ಹಳೇ ಮನೆಯಲ್ಲಿ ಎಲ್ಲವೂ ಒಂದೇ ಮರ ಇರುವುದಿಲ್ಲ. ಬಾಗಿಲು, ದಾರಂದ ಸಾಗವಾನಿ ಅಥವಾ ಹಲಸು ಇದ್ದರೆ, ಕಂಬ, ತೊಲೆಗೆ ಮತ್ತಿ, ಜಂಬೆ, ಹೊನ್ನೆ, ನಂದಿ, ಕಿಂದಳ ಏನು ಬೇಕಾದರೂ ಇರಬಹುದು. ಕೆಡವುವ ಜಾಗದಲ್ಲಿ ಜನ ಮೊದಲು ಕೈ ಹಾಕುವುದು ಸಾಗವಾನಿಗೆ. ಹಾಕಲಿ ಬಿಡಿ. ನೀವು ತೊಲೆಯ ತುಂಡು ಕೇಳಿ. ಗೋಡೆಯೊಳಗೆ ಇದ್ದ ತುದಿಯನ್ನು ಒರಲೆ ತಿಂದಿದೆ ಅಂತ ಕಟ್ಟಿಗೆ ರಾಶಿಗೆ ಎಸೆದಿರುತ್ತಾರೆ. ಅದರ ಗಟ್ಟಿ ಭಾಗದಲ್ಲಿ ಒಂದು ಅಡಿ ಸಿಕ್ಕರೆ ನಿಮ್ಮ ಕೆಲಸ ಆಯಿತು.

ಸಾಗವಾನಿ ಯಾಕೆ ಬೇಡ ಅನ್ನುತ್ತೇನೆ ಎಂದರೆ, ಅದು ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ದುಂಡು ಕೊಡತಿಯ ಪಕ್ಕಕ್ಕೆ ಪದೇ ಪದೇ ಪೆಟ್ಟು ಬಿದ್ದಾಗ ಚಕ್ಕೆ ಏಳುತ್ತದೆ. ಅದರಲ್ಲಿ ಮರಳಿನಂಥ ಅಂಶ ಇರುವುದರಿಂದ ಉಳಿಯ ಅಲಗೂ ಬೇಗ ಮೊಂಡಾಗುತ್ತದೆ. ಕಡೆಯುವುದಕ್ಕೆ ಸುಖ, ಹೊಳಪು ಚಂದ, ನಿಜ. ಆದರೆ ಆ ಚಂದ ಹಿಡಿಗೆ, ಡಬ್ಬಿಗೆ ಇರಲಿ. ಮತ್ತಿ, ಜಂಬೆಯಲ್ಲಿ ಎಳೆ ಅತ್ತಿತ್ತ ಹೆಣೆದುಕೊಂಡಿರುವುದುಂಟು. ಅಂಥದ್ದು ಸುಲಭಕ್ಕೆ ಸೀಳುವುದಿಲ್ಲ. ಕಡೆಯುವಾಗ ಮಾತ್ರ ಅಲ್ಲಲ್ಲಿ ಎಳೆ ಕಿತ್ತು ಬರುತ್ತದೆ. ಉಳಿಯನ್ನು ಆಗಾಗ ಮಸೆದು, ತೆಳ್ಳಗೆ ತೆಗೆದರೆ ಸರಿಹೋಗುತ್ತದೆ.

ಪಕಾಸು ಮಾತ್ರ ಸಿಕ್ಕಿದರೆ? ಅದು ಸಾಮಾನ್ಯವಾಗಿ ಎರಡು ಇಂಚಿನ ದಪ್ಪ. ಒಂದರಲ್ಲೇ 75 ಮಿ.ಮೀ. ಬರುವುದಿಲ್ಲ. ಎರಡು ತುಂಡು ಅಂಟಿಸಿ ಮಾಡಬಹುದು. ಹತ್ತರಿ ಹೊಡೆದು ಹೊಸ ಮುಖ ತೆಗೆದ ತಕ್ಷಣ ಅಂಟು ಹಚ್ಚಬೇಕು. ಸಾಗವಾನಿಯಂಥ ಎಣ್ಣೆ ಮರಕ್ಕೆ ಇದು ಕಡ್ಡಾಯ. ನಮ್ಮ ಹವೆಗೆ ನೀರಿಗೆ ಜಗ್ಗದ ಅಂಟೇ ಬೇಕು, ಫೆವಿಕಾಲ್ ಮರೈನ್ ಥರದ್ದು. ಕ್ಲ್ಯಾಂಪ್ ಹಾಕಿ ಒಂದು ಪೂರ್ತಿ ದಿನ ಬಿಡಿ. ಅರ್ಧ ಒಣಗಿದ ಅಂಟಿನ ತುಂಡನ್ನು ಲೇತಿಗೆ ಹಾಕುವುದು ಅಪಾಯ.

ಮೊಳೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ಹಳೇ ಸ್ಪೀಕರಿನ ಆಯಸ್ಕಾಂತವನ್ನು ನಾಲ್ಕೂ ಮುಖದ ಮೇಲೆ ನಿಧಾನ ಎಳೆಯಿರಿ. ಮರದಲ್ಲಿ ಕಪ್ಪು ನೀಲಿ ಕಲೆ ಕಂಡರೆ ಅಲ್ಲಿ ಕಬ್ಬಿಣ ಇದೆ ಅಥವಾ ಇತ್ತು ಎಂದೇ ತಿಳಿಯಿರಿ. ತುದಿಯ ಬಿರುಕು ಒಳಗೆ ಎಷ್ಟು ದೂರ ಹೋಗಿದೆ ಎಂದು ತೆಳ್ಳಗೆ ಕೊಯ್ಯುತ್ತಾ ನೋಡಿ. ಬಿರುಕು ಮುಗಿಯುವವರೆಗೂ ಕೊಯ್ಯಿರಿ. ಹಳೇ ಬಣ್ಣ ಬಳಿದ ಮರ ಆದರೆ ಉಜ್ಜಿ ತೆಗೆಯಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಅದರ ಪುಡಿ ಉಸಿರಿಗೆ ಹೋಗಬಾರದು. ಬಣ್ಣದ ಮುಖವನ್ನು ಗರಗಸದಿಂದ ತೆಳು ಹಲಗೆಯಾಗಿ ಕೊಯ್ದು ಬಿಸಾಡಿ.

ಒನಕೆ

ನನ್ನ ಆಯ್ಕೆ ಕೇಳಿದರೆ ಇದೇ ಮೊದಲನೆಯದು. ಮನೆಯಲ್ಲಿ ಎರಡು ಮೂರು ಇದ್ದು, ಒಂದು ಒಡೆದೋ ಮೊಂಡಾಗಿಯೋ ಮೂಲೆ ಸೇರಿದ್ದರೆ ಅದನ್ನು ಕೇಳಿ ಪಡೆಯಿರಿ. ಕೇಳದೆ ತೆಗೆದುಕೊಳ್ಳಬೇಡಿ. ಮದುವೆ ಮನೆಯಲ್ಲಿ ಪೂಜೆ ಮಾಡಿದ ಒನಕೆ ಅದಾಗಿರಬಹುದು, ಅಜ್ಜಿಯ ಕೈ ಸವೆಸಿದ್ದಿರಬಹುದು. ಚೆನ್ನಾಗಿರುವ ಒನಕೆಯನ್ನು ಕೊಯ್ಯುವುದಂತೂ ಬೇಡವೇ ಬೇಡ.

ಒನಕೆಗೆ ಯಾರೂ ಹಗುರ ಮರ ಆರಿಸುತ್ತಿರಲಿಲ್ಲ. ಗಂಟಿಲ್ಲದ, ನೇರ ಎಳೆಯ, ಕುಟ್ಟಿದರೆ ಬಿರಿಯದ ಮರವನ್ನೇ ಹುಡುಕಿ ಮಾಡುತ್ತಿದ್ದರು. ನಿಮಗೆ ಬೇಕಾದ ಪರೀಕ್ಷೆ ಎಲ್ಲ ಆಗಲೇ ಮುಗಿದಿದೆ. ಮೊಳೆ ಇಲ್ಲ, ಬಣ್ಣ ಇಲ್ಲ. ಆಗಲೇ ದುಂಡಗಿರುವುದರಿಂದ ಲೇತಿಗೆ ಕಟ್ಟಿದಾಗ ಚೌಕದ ಮೂಲೆಗಳ ಹೊಡೆತವೂ ಇಲ್ಲ. ಮೊದಲ ಸಲ ಉಳಿ ಹಿಡಿದವರಿಗೆ ಹೆದರಿಕೆ ಆಗುವುದು ಅಲ್ಲೇ ಅಲ್ವಾ?

ಕೊರತೆಯೂ ಉಂಟು. ದಪ್ಪ ಕಡಿಮೆ. 60, 65 ಮಿ.ಮೀ. ಇದ್ದರೆ ತಲೆಯನ್ನು ಸ್ವಲ್ಪ ಉದ್ದ ಬಿಡಬೇಕು, 130 ಮಿ.ಮೀ. ಆದರೂ ಅಡ್ಡಿಯಿಲ್ಲ. ತುದಿಯ ಕಬ್ಬಿಣದ ಬಳೆಯನ್ನು ತೆಗೆದು, ಅದರ ಕೆಳಗಿನ ಜಜ್ಜಿದ ಭಾಗವನ್ನು ಪೂರ್ತಿ ಕೊಯ್ದು ಹಾಕಿ. ನಡುವೆ ಕೈ ಹಿಡಿಯುವ ಕಡೆ ಒನಕೆ ಸಣ್ಣಗಾಗಿರುತ್ತದಲ್ಲ, ಆ ಭಾಗ ಹಿಡಿಗೂ ಅದರ ಪಕ್ಕದ ದಪ್ಪ ಭಾಗ ತಲೆಗೂ ಬರುವಂತೆ ತುಂಡು ಮಾಡಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಮುರಿದ ನೊಗ, ಗಾಡಿಯ ಗುಂಬವೂ ಇದೇ ಸಾಲಿಗೆ ಸೇರುತ್ತವೆ. ಗುಂಬದಲ್ಲಿ ಅರೆಕಾಲು (ಚಕ್ರದ ಕಡ್ಡಿ) ಸಿಕ್ಕಿಸುವ ತೂತುಗಳು ಜಾಸ್ತಿ. ನಡುವೆ ಎಷ್ಟು ಮರ ಉಳಿದಿದೆ ನೋಡಿಕೊಂಡು ಮುಂದುವರಿಯಿರಿ.

ದೋಣಿ ಹಲಗೆ

ಕಾರವಾರದ ಬೈತಖೋಲದಿಂದ ತದಡಿ, ಹೊನ್ನಾವರದವರೆಗೆ ಹಳೇ ದೋಣಿಯ ಮರಕ್ಕೆ ಆಸೆ ಪಡದವರು ಕಡಿಮೆ. ನನಗೂ ಅದರ ಬಣ್ಣ ಇಷ್ಟ. ಆದರೆ ಹೊಸಬರ ಕೊಡತಿಗೆ ಇದು ಒಳ್ಳೆಯ ಆಯ್ಕೆ ಅಲ್ಲ. ಹಲಗೆಯ ದಪ್ಪ ಕಡಿಮೆ, ಮೂರು ನಾಲ್ಕು ಪದರ ಅಂಟಿಸಬೇಕು. ಮರದೊಳಗೆ ಉಪ್ಪು ಸೇರಿರುತ್ತದೆ, ಅದು ಮಳೆಗಾಲದಲ್ಲಿ ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಅಂಟೂ ಗಟ್ಟಿ ಹಿಡಿಯುವುದಿಲ್ಲ. ಸಂದಿಯಲ್ಲಿ ಸೇರಿದ ಮರಳು ಉಳಿಯ ಅಲಗನ್ನು ಒಂದೇ ಸಲಕ್ಕೆ ತೆಗೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ದೋಣಿಗೆ ತಾಮ್ರದ ಮೊಳೆಯೂ ಬಳಕೆಯಲ್ಲಿತ್ತು. ಆಯಸ್ಕಾಂತ ತಾಮ್ರವನ್ನು ಹಿಡಿಯುವುದಿಲ್ಲ. ಹಸಿರು ಕಲೆ ಕಂಡ ಕಡೆ ಕೈ ಹಾಕಬೇಡಿ.

ಹಳೇ ರಂಪಣಿ (ದಂಡೆಯಿಂದ ಎಳೆಯುವ ದೊಡ್ಡ ಬಲೆ) ದೋಣಿಗಳಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಅಂಥದ್ದರ ತುಂಡಿನಲ್ಲಿ ಮೊಳೆಯ ಕಾಟ ಕಡಿಮೆ. ಆದರೆ ಅಂಥ ಹಲಗೆ ಸಿಕ್ಕರೆ, ಹೊಲಿಗೆಯ ತೂತುಗಳ ಸಮೇತ ಹಾಗೇ ಇಟ್ಟುಕೊಳ್ಳಿ ಅನ್ನುತ್ತೇನೆ. ಕಡೆದು ಪುಡಿ ಮಾಡಬೇಡಿ. ದೋಣಿಗೆ ಹಚ್ಚುವ ಗೇರು ಎಣ್ಣೆ ಚರ್ಮ ಸುಡುತ್ತದೆ ಅನ್ನುವುದೂ ನೆನಪಿರಲಿ.

ಗಾಳಿಗೆ ಬಿದ್ದ ಮರ, ಪ್ಯಾಕಿಂಗ್ ಪೆಟ್ಟಿಗೆ, ಉಳಿದದ್ದು

ಜೂನ್, ಜುಲೈ ಗಾಳಿಗೆ ಅಕೇಶಿಯಾ, ಗಾಳಿಮರ ಬೀಳುವುದು ಕರಾವಳಿಯಲ್ಲಿ ಹೊಸದಲ್ಲ. ಹಿತ್ತಿಲ ಹುಣಸೆಯ ಕೊಂಬೆ ಮುರಿದರೆ ಇನ್ನೂ ಒಳ್ಳೆಯದು. ಹುಣಸೆಯ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಕೊಡತಿಗೆಂದೇ ಬೆಳೆದ ಹಾಗಿರುತ್ತದೆ. ಬಿಳಿ ಭಾಗಕ್ಕೆ ಮಾತ್ರ ಹುಳು ಬೇಗ ಬೀಳುತ್ತದೆ. ಗಾಳಿಮರವೂ ಭಾರದ ಮರ, ಆದರೆ ಒಣಗುವಾಗ ಬಹಳ ಬಿರಿಯುತ್ತದೆ. ಅಕೇಶಿಯಾ ನಡುಮಟ್ಟದ್ದು. ಸುಲಭಕ್ಕೆ ಸಿಗುತ್ತದೆ, ಚೆನ್ನಾಗಿ ಕಡೆಯಬಹುದು, ಸಾಗವಾನಿಗಿಂತ ಸ್ವಲ್ಪ ಗಟ್ಟಿ.

ತೊಂದರೆ ಇರುವುದು ಹಸಿತನದಲ್ಲಿ. ಇಡೀ ಕೊಂಬೆಯನ್ನು ಹಾಗೇ ಕಡೆದರೆ ನಡುತಿರುಳಿನಿಂದ ಹೊರಕ್ಕೆ ಬಿರುಕು ಬರುವುದು ಬಹುತೇಕ ಖಂಡಿತ. ದಪ್ಪ ದಿಮ್ಮಿ ಆದರೆ ನಾಲ್ಕು ಸೀಳು ಮಾಡಿ, ತಿರುಳು ಬಿಟ್ಟು, ಒಂದು ಸೀಳಿನಿಂದ ತುಂಡು ತೆಗೆಯಿರಿ. ಅಂದಾಜು ಅಳತೆಗೆ ಒಂದು ಸೆಂ.ಮೀ. ಹೆಚ್ಚು ಬಿಟ್ಟು ದುಂಡು ಮಾಡಿ, ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿ ಇಡಿ. ಇಂಚಿಗೆ ಒಂದು ವರ್ಷ ಅನ್ನುವುದು ಮರ ಒಣಗಿಸುವ ಹಳೇ ಲೆಕ್ಕ. ನಮ್ಮ ಮಳೆಗಾಲದಲ್ಲಿ ಅದು ಬೇಗ ಆಗುವ ಮಾತಲ್ಲ. ಮೊದಲ ಕೊಡತಿಗೆ ಇಷ್ಟು ಕಾಯುವ ತಾಳ್ಮೆ ಯಾರಿಗಿರುತ್ತದೆ? ಈ ಮರ ಎರಡನೆಯ ಕೊಡತಿಗೆ ಇರಲಿ, ಇವತ್ತೇ ಸೀಳಿ ಇಟ್ಟುಬಿಡಿ.

ಪ್ಯಾಕಿಂಗ್ ಮರ ಕೊಡತಿಗೆ ಸಾಲದು. ಉಳಿ ಹಿಡಿಯುವ ಅಭ್ಯಾಸಕ್ಕೆ ಮಾತ್ರ ಬಹಳ ಒಳ್ಳೆಯದು. ಅದರ ಮೇಲೆ ಎಚ್‌ಟಿ ಎಂಬ ಮುದ್ರೆ ಇದ್ದರೆ ಬಿಸಿ ಮಾಡಿ ಹುಳು ಕೊಂದ ಮರ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಬಿಟ್ಟ ಮರ, ಅದನ್ನು ಬಿಡಿ. ಡಾಂಬರಿನ ವಾಸನೆ ಹೊಡೆಯುವ ಹಳೇ ರೈಲ್ವೆ ಸ್ಲೀಪರ್ ಎಷ್ಟೇ ಗಟ್ಟಿ ಇದ್ದರೂ ಮುಟ್ಟಬೇಡಿ. ಅದಕ್ಕೆ ಕುಡಿಸಿದ ಕ್ರಿಯೊಸೋಟ್ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ತೆಂಗು ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಸಿಬಿರು ಕೈಗೆ ಚುಚ್ಚುತ್ತದೆ. ಬೇಡ.

ಕಾನೂನಿನ ಮಾತು ಒಂದು. ರಸ್ತೆಗೆ ಬಿದ್ದ ಮರ ಕಂಡವರ ಪಾಲಲ್ಲ, ಕೇಳಿ ತೆಗೆದುಕೊಳ್ಳಿ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕೊಯ್ಯುವ ಹಕ್ಕಿದ್ದ ಮಾತ್ರಕ್ಕೆ ಅಲ್ಲಿಯ ಮರ ನಮ್ಮದಾಗುವುದಿಲ್ಲ. ಬೀಟೆ, ಶ್ರೀಗಂಧದ ತಂಟೆಗೆ ಹೋಗಲೇಬೇಡಿ. ಹಳೇ ಮನೆಯ ಮರವನ್ನು ಜಾಸ್ತಿ ಪ್ರಮಾಣದಲ್ಲಿ ಸಾಗಿಸುವುದಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಒಂದೇ ತುಂಡೋ, ತಲೆ ಹಿಡಿ ಬೇರೆಯೋ

ಒಂದೇ ತುಂಡಿನದು ಮಾಡಿ. ಬೇರೆ ಬೇರೆ ಮಾಡಿದರೆ ಮರ ಉಳಿಯುತ್ತದೆ, ತಲೆಗೆ ಭಾರದ ಮರ, ಹಿಡಿಗೆ ಹಗುರ ಮರ ಹಾಕಬಹುದು, ಇದೆಲ್ಲ ಸರಿ. ಆದರೆ ನಮ್ಮ ಹವೆ ಜೋಡಣೆಗೆ ಕಷ್ಟದ್ದು. ಆಗಸ್ಟ್ ತಿಂಗಳಲ್ಲಿ ಬಿಗಿಯಾಗಿ ಕೂತ ಹಿಡಿ ಮಾರ್ಚ್ ಹೊತ್ತಿಗೆ ಒಣಗಿ ಗಡಗಡ ಅನ್ನುತ್ತದೆ. ಬೇರೆ ಮಾಡಲೇಬೇಕು ಅಂತಿದ್ದರೆ ಹಿಡಿಯ ತುಂಡನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಕೆಲವು ವಾರ ಇಟ್ಟು, ಪೂರ್ತಿ ಒಣಗಿದ ಮೇಲೆ ಗೂಟ ಕಡೆದು ಕೂರಿಸಿ. ಆಮೇಲೆ ತೇವ ಕುಡಿದು ಅದು ಉಬ್ಬುತ್ತದೆ, ಸಡಿಲವಾಗುವುದಿಲ್ಲ. ತುದಿಗೆ ಬೆಣೆ ಹೊಡೆಯಿರಿ.

ಲೇತ್ ಯಾರದ್ದು?

ಮೊದಲ ಕೊಡತಿಗೆ ಲೇತ್ ಕೊಳ್ಳಬೇಡಿ. ಶಿರಸಿ, ಕುಮಟಾದಂಥ ಊರಲ್ಲಿ ಮಂಚದ ಕಾಲು, ಮೆಟ್ಟಿಲ ಕಂಬ ಕಡೆದುಕೊಡುವ ಆಚಾರಿಗಳಿದ್ದಾರೆ. ಕೆಲಸ ಇಲ್ಲದ ಹೊತ್ತು ಕೇಳಿಕೊಂಡು ಹೋಗಿ. ದುಡ್ಡು ಕೊಟ್ಟು, ‘ಆಚಾರ್ರೇ, ನೀವು ದುಂಡು ಮಾಡಿಕೊಡಿ, ಮುಂದಿನದು ನಾನು ಮಾಡ್ತೇನೆ, ತಪ್ಪಿದರೆ ಹೇಳಿ’ ಅನ್ನಿ. ಪಕ್ಕದಲ್ಲಿ ತಿಳಿದವರು ನಿಂತು ಕೈ ತಿದ್ದುವುದಕ್ಕೆ ಬದಲಿ ಇಲ್ಲ. ಅವರ ಲೇತಿನ ಕಬ್ಬಿಣದ ತೂಕಕ್ಕೆ ಭಾರದ ಮರವೂ ಅದುರುವುದಿಲ್ಲ.

ಸಣ್ಣ ಮೇಜಿನ ಲೇತ್ ಕೂಡ ಈ ಅಳತೆಗೆ ಸಾಕು. ಗೆಳೆಯರ ಹತ್ತಿರ ಇದ್ದರೆ ಬಳಸಿ. ಡ್ರಿಲ್ ಮಷಿನ್‌ಗೆ ಸಿಕ್ಕಿಸುವ ಲೇತ್ ಸಾಮಾನು ಮಾತ್ರ ಬೇಡ. ಪಕ್ಕದಿಂದ ಬೀಳುವ ಒತ್ತಡಕ್ಕೆ ಡ್ರಿಲ್ಲಿನ ಬೇರಿಂಗ್ ಮಾಡಿಲ್ಲ. ಮೂರು ಇಂಚಿನ ಮತ್ತಿಗೆ ಅದು ತಡೆಯುವುದಿಲ್ಲ. ಇನ್ನು ನಿಮಗೆ ಬೇಕಿರುವುದು ಕೊಡತಿ ಮಾತ್ರ, ಲೇತ್ ಕಲಿಕೆ ಅಲ್ಲ ಅಂದರೆ, ಒಣಗಿದ ದುಂಡು ಕೊಂಬೆಯನ್ನು ಕತ್ತಿಯಲ್ಲಿ ಕೆತ್ತಿ ಹಿಡಿ ಮಾಡಿಕೊಳ್ಳಿ. ಅದೂ ಗೌರವದ ಕೊಡತಿಯೇ.

ಲೇತಿಗೆ ಕಟ್ಟುವ ಮೊದಲು ಚೌಕದ ನಾಲ್ಕು ಮೂಲೆ ಕೊಯ್ದು ಎಂಟು ಮುಖ ಮಾಡಿ. ವೇಗ ಮೊದಲಿಗೆ ನಿಮಿಷಕ್ಕೆ 500, 600 ಸುತ್ತು ಸಾಕು. ದುಂಡಾದ ಮೇಲೆ 1000, 1200ಕ್ಕೆ ಏರಿಸಿ. ಶುರು ಮಾಡುವ ಮುಂಚೆ ತುಂಡನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಉಳಿ ಇಡುವ ಕಬ್ಬಿಣಕ್ಕೆ ತಾಗುವುದಿಲ್ಲ ಎಂದು ನೋಡಿ. ಮುಖಕ್ಕೆ ಪೂರ್ತಿ ಕವಚ, ಮೂಗಿಗೆ ಮಾಸ್ಕ್. ಲುಂಗಿ, ಶಾಲು, ಉದ್ದ ತೋಳು, ಕೈಗವಸು ಯಾವುದೂ ಬೇಡ. ದುಂಡು ಮಾಡಲು ಅಗಲದ ರಫಿಂಗ್ ಗೌಜ್ (ಬಾಗಿದ ಅಲಗಿನ ಉಳಿ), ಅಳತೆ ಇಳಿಸಲು ಪಾರ್ಟಿಂಗ್ ಉಳಿ, ಕೊರಳಿಗೆ ಸಣ್ಣ ಗೌಜ್. ಮೂರೇ ಉಳಿ ಸಾಕು.

ತಲೆಯನ್ನು ಮೇಲೆ 75, ಕೊರಳ ಕಡೆ 65 ಮಿ.ಮೀ. ಬರುವಂತೆ ಓರೆ ತೆಗೆಯಿರಿ. ತೋಳು ಬೀಸುವ ಬಳುಕಿಗೆ ಆ ಓರೆ ಉಳಿಯ ತಲೆಯ ಮೇಲೆ ನೇರ ಕೂರುತ್ತದೆ. ಕೊರಳನ್ನು ಬಹಳ ಸಣ್ಣ ಮಾಡುವ ಆಸೆ ಬೇಡ, 25 ಮಿ.ಮೀ.ಗಿಂತ ಕೆಳಗೆ ಇಳಿಸಬೇಡಿ. ಹಿಡಿಯನ್ನು ನಡುನಡುವೆ ಲೇತ್ ನಿಲ್ಲಿಸಿ ಕೈಯಲ್ಲಿ ಹಿಡಿದು ನೋಡಿ. ನಿಮ್ಮ ಅಂಗೈಗೆ ಸರಿ ಅನಿಸಿದ ಅಳತೆಯೇ ಸರಿಯಾದ ಅಳತೆ.

ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಒಣಗುವುದಿಲ್ಲ, ಕಮಟು ಬರುತ್ತದೆ. ಕುದಿಸಿದ ಅಗಸೆ ಎಣ್ಣೆ ತೆಳ್ಳಗೆ ಎರಡು ಸಲ, ಹಿಡಿಗೆ ಮಾತ್ರ. ಹಸಿ ಅಗಸೆ ಎಣ್ಣೆಗೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತುವುದುಂಟು. ಹೊರಗೆ ಹರಡಿ ಒಣಗಿಸಿ. ತಲೆಗೆ ಏನೂ ಬೇಡ, ನುಣುಪಾದರೆ ಪೆಟ್ಟು ಜಾರುತ್ತದೆ. ಎರಡು ತುದಿಯಲ್ಲಿ ಲೇತ್ ಮೊನೆ ಕೂತ ಗುಳಿಗಳನ್ನು ಉಜ್ಜಿ ಅಳಿಸದೆ ಹಾಗೇ ಬಿಡಿ. ಒಂದೆರಡು ವರ್ಷದಲ್ಲಿ ತಲೆ ತಗ್ಗು ತಗ್ಗಾದಾಗ ಅದೇ ಗುಳಿಗೆ ಮತ್ತೆ ಲೇತಿಗೆ ಕಟ್ಟಿ, ಎರಡು ಮಿ.ಮೀ. ತೆಗೆದು, ಹೊಸ ಮುಖ ಮಾಡಿಕೊಳ್ಳಬಹುದು.